ದೋಣಿ ನೂಕಿದ ದಿನ

ಹಕ್ಕಿಗಳ ಕುರಿತ ನನ್ನ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳಲ್ಲಿ ಒಂದಕ್ಕೆ ಮಾತ್ರ ಇಂದಿಗೂ ಸೀಮೆಎಣ್ಣೆಯ ವಾಸನೆಯಿದೆ. ಅದು ಮೀನುಗಾರ ಮಾದೇವನ ಪಾತಿದೋಣಿಯ ತಳದಲ್ಲಿ, ಎಂಜಿನ್ನಿನಿಂದ ಸೋರಿದ ಎಣ್ಣೆ ಮತ್ತು ಉಪ್ಪುನೀರು ಬೆರೆತು ನಿಂತಿದ್ದ ಜಾಗದಲ್ಲಿ, ಅರ್ಧ ಗಳಿಗೆ ಬಿದ್ದುಕೊಂಡಿತ್ತು. ಮಾದೇವ ಅದನ್ನು ಎತ್ತಿ, ತನ್ನ ತಲೆಗೆ ಸುತ್ತಿದ್ದ ಪಂಚೆಯಲ್ಲಿ ಒರೆಸಿ, "ತಕಣಿ ಅಕ್ಕೋರೆ, ನಿಮ್ಮ ಹಕ್ಕಿಯೆಲ್ಲ ಮಿಂದು ಬಂದ್ವು" ಎಂದು ನನ್ನ ಕೈಗಿತ್ತಿದ್ದ. ನಾನು ಶಾಲೆಯಲ್ಲಿ ಕಲಿಸಿದವಳಲ್ಲ. ಆದರೂ ಪುಸ್ತಕ ಹಿಡಿದು ಓಡಾಡುವ ಹೆಂಗಸು ಆ ಕೇರಿಗೆ ಅಕ್ಕೋರೇ ಆಗಿದ್ದಳು.

ಈ ಮಳೆಗಾಲದಲ್ಲಿ ಕುಮಟೆಯ ಮನೆಯಲ್ಲಿ ಕುಳಿತು ಆ ಪುಸ್ತಕಗಳನ್ನೆಲ್ಲ ನಕಲು ಮಾಡುತ್ತಿದ್ದೆ. ಮೂಲಪ್ರತಿಗಳನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸುವ ಮೊದಲು ಪ್ರತಿಯೊಂದು ದಿನಾಂಕವನ್ನೂ ಮತ್ತೊಮ್ಮೆ ತಾಳೆ ನೋಡಬೇಕೆಂಬುದು ನನ್ನ ಹಟ. ನನ್ನ ದಿನಚರಿ, ಗೋಡೆಯ ಪಂಚಾಂಗ, ಭರತ ಇಳಿತಗಳ ಪಟ್ಟಿ, ಈ ಮೂರೂ ಒಪ್ಪದ ಹೊರತು ಒಂದು ದಿನವನ್ನು ದಿನವೆಂದು ನಾನು ಅಂಗೀಕರಿಸಿದವಳಲ್ಲ. "ನಿಮ್ಮ ಹಕ್ಕಿಗಳು ಪಂಚಾಂಗ ನೋಡಿಯೇ ಮೊಟ್ಟೆ ಇಡುತ್ತವೆ" ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಅದನ್ನು ಹೊಗಳಿಕೆಯೆಂದೇ ನಾನು ತಿಳಿದಿದ್ದೆ. ಸೀಮೆಎಣ್ಣೆಯ ಪುಸ್ತಕವನ್ನು ತೆರೆದಾಗ ಆ ವಾಸನೆಯ ಜೊತೆಗೆ ಒಂದು ಚಳಿಗಾಲವೂ ಎದ್ದು ಬಂತು. ಅದರ ಜೊತೆಗೆ, ನಾನು ಮಾಡಿದ್ದೆಂದು ಅಲ್ಲಿಯವರೆಗೂ ನನಗೆ ಗೊತ್ತಿರದ ಒಂದು ತಪ್ಪು.

ನಾನು ನಿವೃತ್ತಳಾದ ಮರುವರ್ಷದ ಚಳಿಗಾಲ ಅದು. ಮೊದಲು ಸೇನಾ ವಿಮಾನಗಳ ತರಬೇತಿಯ ಆಕಾಶ ಭಟ್ಕಳದ ನಡುಗಡ್ಡೆಯಿಂದಲೂ ಆಚೆ, ಸಣ್ಣ ದೋಣಿಗಳು ಹೋಗದ ದೂರದಲ್ಲಿತ್ತು. ಅದರ ಪೂರ್ವದ ಅಂಚನ್ನು ದಡದ ಗುಡ್ಡಗಳವರೆಗೆ ತರುವ, ವಿಮಾನಗಳು ಇನ್ನೂ ಕೆಳಗೆ ಹಾರಲು ಅವಕಾಶ ಕೊಡುವ ಪ್ರಸ್ತಾವ ಆ ವರ್ಷ ಪ್ರಕಟವಾಯಿತು. ನಕ್ಷೆಯಲ್ಲಿ ಅದು ಕುಮಟೆಯಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ಎಳೆದ ಒಂದು ಉದ್ದನೆಯ ಚೌಕ. ಚೌಕದ ಒಳಗೆ ಅಘನಾಶಿನಿಯ ಅಳಿವೆಯಿತ್ತು, ಶರಾವತಿಯ ಅಳಿವೆಯಿತ್ತು, ಆಮೆಗಳು ಮೊಟ್ಟೆಯಿಡುವ ಮರಳದಂಡೆಯಿತ್ತು. ಇವಾವುದರ ಹೆಸರೂ ನಕ್ಷೆಯಲ್ಲಿರಲಿಲ್ಲ. ಅಂತಿಮ ತೀರ್ಮಾನಕ್ಕೆ ಮುನ್ನ ಆ ಚಳಿಗಾಲವಿಡೀ ಪ್ರಾಯೋಗಿಕ ಹಾರಾಟ ನಡೆಯುತ್ತದೆಂದೂ, ಪರಿಸರದ ಮೇಲಿನ ಪರಿಣಾಮದ ಬಗ್ಗೆ ಅಹವಾಲುಗಳನ್ನು ಒಂದು ಸಮಿತಿ ಕುಮಟೆಯಲ್ಲಿ ಆಲಿಸುತ್ತದೆಂದೂ ತಿಳಿಸಲಾಗಿತ್ತು. ಬಿಳಿಹೊಟ್ಟೆಯ ಕಡಲ ಹದ್ದುಗಳ ಬೆನ್ನುಹತ್ತಿ ನಾನು ಅರ್ಧ ಆಯುಷ್ಯ ಕಳೆದಿದ್ದರಿಂದ, ಅಪ್ಸರಕೊಂಡದ ಬಳಿಯ ಮೀನುಗಾರರು ತಮ್ಮ ಪರವಾಗಿ ಒಂದು ವರದಿ ಬರೆದುಕೊಡಿ ಎಂದು ಬಂದು ಕೇಳಿದರು. ಬಂದವರಲ್ಲಿ ಮಾದೇವನೂ ಇದ್ದ.

ಅವನ ಕೇರಿ ಅಪ್ಸರಕೊಂಡದ ದಕ್ಷಿಣಕ್ಕೆ, ಪ್ರವಾಸಿಗರು ಜಲಪಾತ ನೋಡಿ ಹಿಂದಿರುಗುವ ದಾರಿಗೆ ಬೆನ್ನು ಮಾಡಿ ಕುಳಿತಿದ್ದ ಇಪ್ಪತ್ತು ಮನೆಗಳ ಸಾಲು. ಹಿಂದೆ ಕೆಂಪುಕಲ್ಲಿನ ಗುಡ್ಡ. ಗುಡ್ಡದ ಏಣಿನಲ್ಲಿ ಒಂದು ಮುದಿ ಕಾಡುಮಾವು. ಅದರ ನೆತ್ತಿಯ ಕವಲಿನಲ್ಲಿ ಕಡಲ ಹದ್ದಿನ ಗೂಡು. ಒಂದು ಎತ್ತಿನಗಾಡಿಯ ಹೊರೆಯಷ್ಟು ಕಟ್ಟಿಗೆ ಒಟ್ಟಿದಂತಿದ್ದ ಅದನ್ನು ಆ ಜೋಡಿ ವರ್ಷವರ್ಷವೂ ಹೊಸ ಕೊಂಬೆ ಹಾಕಿ ಬೆಳೆಸುತ್ತ ಬಂದಿತ್ತು. ಮರದ ಬುಡದಲ್ಲಿ ಕಡಲಹಾವಿನ ಬೆನ್ನೆಲುಬುಗಳು ಹರಿದ ಸರದ ಮಣಿಗಳಂತೆ ಚೆಲ್ಲಿಕೊಂಡಿರುತ್ತಿದ್ದವು.

ಮಾದೇವನಿಗೆ ಆ ಮರ ಕೇವಲ ಮರವಾಗಿರಲಿಲ್ಲ. ಸಮುದ್ರದಲ್ಲಿ ನಿಂತು ನೋಡುವಾಗ ಗೂಡಿನ ಮರವೂ ಅದರ ಹಿಂದಿನ ಗುಡ್ಡದ ಕೋಡೂ ಒಂದೇ ಗೆರೆಗೆ ಬಂದರೆ, ಕೆಳಗೆ ಬಂಡೆಯ ಅಂಚು ಇದೆ ಎಂದರ್ಥ; ಅಲ್ಲಿ ಬಲೆ. ಅವನ ಅಪ್ಪ ತೋರಿಸಿಕೊಟ್ಟ ಗುರುತು ಅದು. ಆದ್ದರಿಂದ ಬಲೆ ಬಿಡುವಾಗಲೂ ಎಳೆಯುವಾಗಲೂ ಅವನ ಕಣ್ಣು ಆ ಮರದ ಮೇಲೆಯೇ ಇರುತ್ತಿತ್ತು. ಮೂವತ್ತು ವರ್ಷ ಹದ್ದು ನೋಡಿದ ನನಗಿಂತ ಹೆಚ್ಚು ಸಲ ಅವನು ಆ ಗೂಡನ್ನು ನೋಡಿದ್ದ. ಈ ಮಾತನ್ನು ನನ್ನ ವರದಿಯ ಮೊದಲ ಪುಟದಲ್ಲಿಯೇ ಬರೆಯಬೇಕಾಗಿತ್ತು. ಬರೆಯಲಿಲ್ಲ.

ಅವನ ಹೆಂಡತಿ ಸಾವಿತ್ರಿ ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ಹೋಗುವವಳು. ನಾನು ಗುಡ್ಡದ ಬುಡದಲ್ಲಿ ದೂರದರ್ಶಕ ಹೂಡಿ ಕುಳಿತಿದ್ದರೆ ದಾರಿಯಲ್ಲಿ ನಿಂತು ಕಾಲೆಳೆಯುತ್ತಿದ್ದಳು.

"ಅಕ್ಕೋರೆ, ಹಕ್ಕಿ ಎಣ್ಸೂದು ಬಿಟ್ಟು ಒಂದಿನ ನನ್ನ ಬುಟ್ಟೀಲಿರೂ ಮೀನು ಎಣ್ಸಿ. ಬೇಗ ಮುಗೀತದೆ."

ಒಂದು ಬೆಳಿಗ್ಗೆ ಗೂಡಿನ ಅಂಚಿನಲ್ಲಿ ಗಂಡು ಹದ್ದು ಕೂಗಿತು. ಹೆಣ್ಣು ಒಡನೆಯೇ ಅದೇ ದನಿಗೆ ದನಿ ಸೇರಿಸಿತು. ಸಾವಿತ್ರಿ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ಕಂಡ್ರಾ? ಗಂಡ ಕರದ್ರೆ ಹೆಂಡ್ತಿ ಓ ಅಂತದೆ. ನಮ್ಮನೇಲಿ ನಾ ಕರದ್ರೆ ಗೊರಕೆ ಓ ಅಂತದೆ."

"ರಾತ್ರಿ ಎರಡಕ್ಕೆ ಎದ್ದು ಸಮುದ್ರಕ್ಕೆ ಹೋಗೂದು ನೀನಾ ನಾನಾ?" ಎಂದ ಮಾದೇವ, ಬಲೆಯ ಹರುಕು ಹೊಲಿಯುತ್ತಿದ್ದಲ್ಲಿಂದಲೇ.

ಪ್ರಾಯೋಗಿಕ ಹಾರಾಟ ಆರಂಭವಾದದ್ದು ದೀಪಾವಳಿ ಕಳೆದ ಮೇಲೆ. ಹಾರಾಟದ ದಿನಗಳ ಮುನ್ಸೂಚನೆ ಬಂದರಿನ ಹಲಗೆಯ ಮೇಲೂ ಮೀನುಗಾರರ ಮೊಬೈಲುಗಳಿಗೂ ಬರುತ್ತಿತ್ತು. ಇಂಥ ಅಕ್ಷಾಂಶದಿಂದ ಇಂಥ ಅಕ್ಷಾಂಶಕ್ಕೆ, ಇಂಥ ರೇಖಾಂಶದ ಪೂರ್ವಕ್ಕೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ದೋಣಿಗಳು ಇರಕೂಡದು. ಮಾದೇವ ಅದನ್ನು ನನ್ನಿಂದ ಓದಿಸಿಕೊಂಡು ಕೇಳಿದ.

"ಎಲ್ಲ ಚೆಂದ ಬರ್ದಾರೆ ಅಕ್ಕೋರೆ. ಆದ್ರೆ ನಮ್ಮ ಬಲೆಗೆ ಓದೂಕೆ ಬರೂದಿಲ್ಲ. ಮೀನಿಗಂತೂ ಶಾಲೆಯೇ ಇಲ್ಲ."

ಮೊದಲ ಸಲ ಎರಡು ವಿಮಾನಗಳು ಗುಡ್ಡದ ಮೇಲೆ ಬಂದಾಗ ನಾನು ಅಲ್ಲಿಯೇ ಇದ್ದೆ. ಶಬ್ದ ಬಂದದ್ದು ಅವು ದಾಟಿದ ಮೇಲೆ. ಆ ಕ್ಷಣ ಎದೆಯೊಳಗಿನ ಗಾಳಿಯನ್ನು ಯಾರೋ ಹಿಡಿದೆಳೆದಂತಾಯಿತು. ಕೇರಿಯ ನಾಯಿಗಳು ದೋಣಿಗಳ ಅಡಿಗೆ ಹೊಕ್ಕವು. ಹೆಣ್ಣು ಹದ್ದು ಮೊಟ್ಟೆಗಳ ಮೇಲಿನಿಂದ ಎದ್ದು, ಕೂಗದೆ, ಸಮುದ್ರದ ಕಡೆಗೆ ಹೋಯಿತು. ನಾನು ಗಡಿಯಾರ ನೋಡಿ ಬರೆದುಕೊಂಡೆ. ಅದು ಮರಳಿ ಕಾವು ಕೂರಲು ತೆಗೆದುಕೊಂಡ ಹೊತ್ತು, ಆ ಹೊತ್ತಿನಲ್ಲಿ ಮರದ ಸುತ್ತ ಸುಳಿದ ಕಾಗೆಗಳು, ಗಾಳಿ, ಬಿಸಿಲು. ಮುಂದಿನ ವಾರಗಳಲ್ಲಿ ಆ ಹೊತ್ತು ಪ್ರತಿ ಸಲವೂ ಹಿಂದಿನದಕ್ಕಿಂತ ಹಿಗ್ಗುತ್ತ ಹೋಯಿತು. ಹಕ್ಕಿ ರೂಢಿ ಮಾಡಿಕೊಳ್ಳುತ್ತದೆ ಎಂದು ನಾನು ನಿರೀಕ್ಷಿಸಿದ್ದೆ. ಅದು ಕಲಿತದ್ದು ದೂರ ಹೋಗುವುದನ್ನು.

ಬೇರೆ ಕಡೆಯೂ ಇದೇ ಕಥೆ. ಶರಾವತಿಯ ಅಳಿವೆಯ ಮರಳದಿಣ್ಣೆಯಲ್ಲಿ ಒತ್ತಾಗಿ ಕುಳಿತಿರುತ್ತಿದ್ದ ರೀವ ಎಂಬ ಕಡಲಹಕ್ಕಿಗಳು ಒಮ್ಮೆಗೇ ಎದ್ದು, ಭರತದ ನೀರು ದಿಣ್ಣೆ ಮುಚ್ಚುವವರೆಗೂ ಇಳಿಯುತ್ತಿರಲಿಲ್ಲ. ಮಿರ್ಜಾನದ ಹೊಳೆಯಲ್ಲಿ ಚಿಪ್ಪು ಹೆಕ್ಕುವ ಹೆಂಗಸರು, ಶಬ್ದ ಬಂದ ದಿನ ನೀರುಕಾಗೆಗಳೆಲ್ಲ ಖಾಲಿ ಎಂದರು. ಎಲ್ಲವನ್ನೂ ಬರೆದುಕೊಂಡೆ. ಸಂಕ್ರಾಂತಿಯ ಹೊತ್ತಿಗೆ ಗೂಡಿನಲ್ಲಿ ಒಂದು ಮರಿ ಬಿಳಿ ತುಪ್ಪಳದ ತಲೆಯೆತ್ತಿತು. ಎರಡನೆಯ ಮೊಟ್ಟೆ ಒಡೆಯಲೇ ಇಲ್ಲ.

ಸಮಿತಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಹಕ್ಕಿ ಏಳುತ್ತದೆ, ಮರಳಿ ಬರುತ್ತದೆ, ಅದರಿಂದ ಹಾನಿಯೇನು? ಹಾರಾಟದಿಂದಲೇ ಒಂದು ಗೂಡು ಹಾಳಾಯಿತೆಂದು ತೋರಿಸಲು ಸಾಧ್ಯವೆ? ಸಾಧ್ಯವಾದರೆ ಪೂರ್ವದ ಅಂಚನ್ನು ಗುಡ್ಡಗಳಿಂದ ಹಿಂದಕ್ಕೆ, ಸಮುದ್ರದೊಳಕ್ಕೆ ಸರಿಸುವ ವಿಚಾರ ಮಾಡಬಹುದು ಎಂಬ ಮಾತು ಬಂದಿತ್ತು. ಸರಿದರೆ ಮಾದೇವನ ಬಂಡೆಯಂಚೂ ನಿಷೇಧದ ಹೊರಗೆ ಉಳಿಯುತ್ತಿತ್ತು. ಗೂಡು, ಮರ, ಬಲೆಯ ಜಾಗ ಎಲ್ಲವೂ ಆ ಒಂದು ಉತ್ತರಕ್ಕೆ ನೇತುಬಿದ್ದಿದ್ದವು.

ಪುಷ್ಯಮಾಸದ ಕೃಷ್ಣಪಕ್ಷದಲ್ಲಿ ಒಂದು ವಾರ ನಾನು ಹಿರೇಗುತ್ತಿಯಲ್ಲಿದ್ದೆ. ಅಲ್ಲಿ ಉಪ್ಪುನೀರು ಹೊಕ್ಕು ಹೊರಡುವ ಗಜನಿ ಗದ್ದೆಗಳಲ್ಲಿ ಬೆಳ್ಳಕ್ಕಿಗಳ ಎಣಿಕೆ. ಬುಧವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಎರಡು ವಿಮಾನಗಳು ದಕ್ಷಿಣಕ್ಕೆ ಹೋದವು. ಗದ್ದೆಯೆಲ್ಲ ಒಮ್ಮೆಗೇ ಬೆಳ್ಳಗೆ ಮೇಲೆದ್ದಿತು. ಮುನ್ಸೂಚನೆಯಲ್ಲಿಯೂ ಬುಧವಾರ, ಗುರುವಾರ ಎಂದೇ ಇತ್ತು. ಅದರ ಹಿಂದಿನ ದಿನ, ಮಂಗಳವಾರ, ಆಕಾಶ ದಿನವಿಡೀ ನಿಶ್ಶಬ್ದ. ಶುಕ್ರವಾರ ನಾನು ಅಪ್ಸರಕೊಂಡಕ್ಕೆ ಬಂದೆ. ಗೂಡಿನಲ್ಲಿ ತಲೆ ಕಾಣಲಿಲ್ಲ. ಮರದ ಬುಡದಲ್ಲಿ, ಹಾವಿನ ಮೂಳೆಗಳ ನಡುವೆ, ಒಂದು ಹಿಡಿ ಬಿಳಿ ತುಪ್ಪಳವೂ ಮರಿಯ ಒಂದು ಕಾಲೂ ಇದ್ದವು.

ಮಾದೇವ ದೋಣಿಗೆ ಎಣ್ಣೆ ಬಳಿಯುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ನಾ ಕಂಡೆ ಅಕ್ಕೋರೆ. ಬಲೆ ಎಳೀತಾ ಇದ್ದೆ. ಎರಡು ವಿಮಾನ, ಮರದ ತಲೆ ಕೆರದ್ಕಂಡು ಹೋದಂಗೆ. ತಾಯಿ ಎದ್ದು ನನ್ನ ತಲೆ ಮೇಲಿಂದ್ಲೇ ಹೊರಗೆ ಹೋತು. ಗಂಡೂ ಇರ್ಲಿಲ್ಲ. ಕಾಗೆ ಬಂದ್ವು. ಒಂದಲ್ಲ, ಎರಡಲ್ಲ. ನಾ ದೋಣೀಲಿ ನಿಂತು ಬಾಯಿ ಹರ್ಕಂಡೆ, ತಟ್ಟೆ ಬಡದೆ. ಅಷ್ಟು ದೂರದಿಂದ ಎಂತ ಕೇಳ್ತದೆ? ತಾಯಿ ತಿರ್ಗಿ ಬಂದಾಗ ಎಲ್ಲ ಆಗಿತ್ತು. ಗೂಡಿನ ಅಂಚಿಗೆ ಕೂತು ಒಳಗೇ ನೋಡ್ತು, ನೋಡ್ತು."

ನನಗೆ ದುಃಖವಾಯಿತು ಎಂದಷ್ಟೇ ಬರೆದರೆ ಅರ್ಧ ಸತ್ಯ. ಸಮಿತಿ ಕೇಳಿದ ಉತ್ತರ ಇದೇ ಆಗಿತ್ತು. ಪೆನ್ನು ತೆರೆದು ಯಾವ ದಿನ ಎಂದು ಕೇಳಿದೆ.

"ಮಂಗಳವಾರ."

"ಬುಧವಾರ ಅಲ್ದಾ ಮಾದೇವಣ್ಣ? ಸರಿಯಾಗಿ ನೆನಪು ಮಾಡು."

"ಮಂಗಳವಾರವೇ. ಮಂಗಳವಾರ ದೋಣಿ ನೂಕಿದ್ದು. ಬುಧವಾರ ನಾವು ನೂಕ್ಲೇ ಇಲ್ಲ, ಹೆದ್ರಿ ಮನೇಲೇ ಇದ್ವು."

ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಮಾತು. ಸಾವಿತ್ರಿಯನ್ನು ಬೇರೆಯಾಗಿ ಕೇಳಿದೆ. ಗಂಡ ಆ ದಿನ ತಂದ ಬಂಗಡೆಯನ್ನು ತಾನು ಮಾರಿದ್ದು ಬುಧವಾರ ಎಂದಳು.

"ಹಾಗಾದ್ರೆ ಅದು ಹಿಂದಿನ ದಿನದ ಮೀನಾ?" ಎಂದೆ.

ಸಾವಿತ್ರಿಯ ಮುಖ ಕೆಂಪಾಯಿತು. "ಎಂತ ಹೇಳ್ತ್ರಿ ಅಕ್ಕೋರೆ? ನಾ ಹಳೇ ಮೀನು ಮಾರೂದಾ? ಹೊನ್ನಾವರ ಪೇಟೇಲಿ ಕೇಳಿ ಬನ್ನಿ. ಕಣ್ಣು ಪಳಪಳ ಅಂತಿತ್ತು ಅದ್ರದ್ದು!"

ಆ ಮಾತನ್ನೂ ಬರೆದುಕೊಂಡೆ. ಅದರ ಮುಂದೆ ಹೀಗೆಂದು ಗುರುತು ಹಾಕಿದೆ: ಗಂಡಹೆಂಡಿರ ಹೇಳಿಕೆಗಳು ಪರಸ್ಪರ ಹೊಂದುವುದಿಲ್ಲ.

ನನ್ನ ಮುಂದೆ ಎರಡು ದಾರಿಗಳಿದ್ದವು. ಮಂಗಳವಾರವನ್ನು ಬುಧವಾರ ಎಂದು ತಿದ್ದಿ, ಹೇಳಿದವನ ನೆನಪು ಒಂದು ದಿನ ಜಾರಿದೆ ಎಂದು ವಿವರಿಸಬಹುದಿತ್ತು. ಆದರೆ ಬುಧವಾರ ತಾನು ಸಮುದ್ರಕ್ಕೆ ಹೋಗಲೇ ಇಲ್ಲ ಎಂದು ಅವನೇ ಹೇಳಿದ್ದ. ಸಾಕ್ಷಿಯ ಬಾಯಿಗೆ ನಮ್ಮ ಮಾತು ತುರುಕಬಾರದು ಎಂದು ಕಿರಿಯರಿಗೆ ನಾನೇ ಕಲಿಸಿದ್ದೆ. ಮತ್ತೆ ಮಾದೇವನಿಗೆ ಅಂಚು ಸರಿಯುವುದು ಬೇಕಾಗಿತ್ತು, ಬೇಕಾದವನ ಸಾಕ್ಷ್ಯವನ್ನು ಹೆಚ್ಚು ಬಿಗಿಯಾಗಿ ಪರೀಕ್ಷಿಸಬೇಕು ಎಂಬುದೂ ನನ್ನದೇ ಪಾಠ. ಅವನ ಹೇಳಿಕೆಯನ್ನು ಅನುಬಂಧಕ್ಕೆ ಹಾಕಿ ಕೆಳಗೆ ಒಂದು ಅಡಿಟಿಪ್ಪಣಿ ಬರೆದೆ: "ದಿನವು ಇತರ ದಾಖಲೆಗಳೊಂದಿಗೆ ತಾಳೆಯಾಗುವುದಿಲ್ಲ. ಪ್ರತ್ಯಕ್ಷ ಸಾಕ್ಷ್ಯವೆಂದು ಪರಿಗಣಿಸಲಾಗದು." ಆ ವಾಕ್ಯ ಬರೆದ ದಿನ ನನಗೆ ಒಳ್ಳೆಯ ನಿದ್ರೆ ಬಂದಿತ್ತು. ಅದನ್ನೂ ಇಲ್ಲಿ ದಾಖಲಿಸಬೇಕು.

ಅಹವಾಲು ಸಭೆ ನಡೆದದ್ದು ಶಿವರಾತ್ರಿ ಕಳೆದ ವಾರದಲ್ಲಿ, ಕುಮಟೆಯ ಒಂದು ಸಭಾಂಗಣದಲ್ಲಿ. ಫ್ಯಾನುಗಳು ತಿರುಗುತ್ತಿದ್ದರೂ ಸೆಕೆ ಕುತ್ತಿಗೆಗೆ ಕುಳಿತಿತ್ತು. ಮಾದೇವ ಆ ದಿನದ ದುಡಿಮೆ ಬಿಟ್ಟು, ಮದುವೆಮುಂಜಿಗೆ ಹಾಕುವ ಬಿಳಿ ಅಂಗಿ ತೊಟ್ಟು ಬಸ್ಸಿನಲ್ಲಿ ಬಂದಿದ್ದ. ಅಂಗಿಯ ಮಡಿಕೆಗಳು ಹಾಗೆಯೇ ಉಳಿದಿದ್ದವು. ಸಮಿತಿಯ ಅಧ್ಯಕ್ಷರು ಸೌಜನ್ಯದ ಮನುಷ್ಯ. ಎಲ್ಲರನ್ನೂ ಕೂರಿಸಿಯೇ ಮಾತನಾಡಿಸಿದರು. ನನ್ನ ವರದಿಯನ್ನು ಅವರು ಪೂರ್ತಿ ಓದಿದ್ದರು. ಅದೇ ಕಷ್ಟವಾಯಿತು.

ಮಾದೇವ ತಾನು ಕಂಡದ್ದನ್ನು ಹೇಳಿ ಮುಗಿಸಿದಾಗ ಅವರು ಪುಟ ತಿರುವಿದರು.

"ನೀವು ಮಂಗಳವಾರ ಎನ್ನುತ್ತೀರಿ. ಮಂಗಳವಾರ ಯಾವ ವಿಮಾನವೂ ಹಾರಿಲ್ಲ. ಬುಧವಾರ ನೀವು ಸಮುದ್ರಕ್ಕೆ ಹೋಗಿಲ್ಲ ಎಂದೂ ನೀವೇ ಹೇಳಿದ್ದೀರಿ."

"ಹೌದ್ರಾ. ಆದ್ರೆ ನಾ ಕಂಡೆ ಸರ್."

"ಹಾರದ ವಿಮಾನವನ್ನೆ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಸಣ್ಣದು, ಕೇಡಿನದೂ ಅಲ್ಲ. ಮಾದೇವ ಮಾತ್ರ ತಿರುಗಿ ನೋಡಿದ. ಅಧ್ಯಕ್ಷರು ನನ್ನ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದರು. "ನಿಮ್ಮ ಪರವಾಗಿ ವರದಿ ಬರೆದವರೇ ಇದನ್ನು ಒಪ್ಪಿಲ್ಲ" ಎಂದು ನನ್ನ ಕಡೆಗೆ, ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದವರಂತೆ, ತಲೆಬಾಗಿದರು. ನಾನು ಏಳಬಹುದಿತ್ತು. ಇವನ ಕಣ್ಣು ದಿನವೂ ಆ ಮರದ ಮೇಲೆಯೇ ಇರುತ್ತದೆ, ಇವನ ದಿನ ತಪ್ಪಿರಬಹುದು, ಕಣ್ಣು ತಪ್ಪುವುದಿಲ್ಲ ಎನ್ನಬಹುದಿತ್ತು. ನಾನು ಕಾಗದಗಳನ್ನು ಜೋಡಿಸುತ್ತ ಕುಳಿತೆ.

ಬಸ್‌ನಿಲ್ದಾಣದವರೆಗೆ ಇಬ್ಬರೂ ನಡೆದೇ ಹೋದೆವು. ಹೊನ್ನಾವರದ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನು ಕೇಳಿದ.

"ನಿಮ್ಮ ಪುಸ್ತಕದಲ್ಲಿ ನಾ ಸುಳ್ಳಾದೆ, ಅಲ್ದಾ ಅಕ್ಕೋರೆ?"

"ಸುಳ್ಳು ಅಂತ ಬರೀಲಿಲ್ಲ ಮಾದೇವಣ್ಣ. ತಾಳೆ ಆಗೂದಿಲ್ಲ ಅಂತ ಬರ್ದೆ."

"ಆತು" ಎಂದ. ಬಸ್ಸು ಹೊರಟಿತು.

ಮಳೆ ಬೀಳುವ ಮೊದಲೇ ತೀರ್ಮಾನ ಬಂತು. ಗೂಡು ನಾಶವಾದದ್ದಕ್ಕೆ ಹಾರಾಟವೇ ಕಾರಣವೆಂದು ತೋರಿಸುವ ಪ್ರತ್ಯಕ್ಷ ಸಾಕ್ಷ್ಯವಿಲ್ಲವೆಂದು ಅದರಲ್ಲಿತ್ತು. ವಾಕ್ಯರಚನೆ ಬಹುಮಟ್ಟಿಗೆ ನನ್ನದೇ. ಪೂರ್ವದ ಅಂಚು ಗುಡ್ಡಗಳ ಮೇಲೆಯೇ ಉಳಿಯಿತು. ಮರುವರ್ಷ ಹದ್ದುಗಳು ದಸರೆಯ ಹೊತ್ತಿಗೆ ನಾಲ್ಕಾರು ಕೊಂಬೆ ತಂದು ಹಾಕಿ ಬಿಟ್ಟುಬಿಟ್ಟವು. ಅದರ ಮುಂದಿನ ವರ್ಷ ಕೊಂಬೆಯನ್ನೂ ತರಲಿಲ್ಲ. ಆ ಮೇಲೆ ನಾನು ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಕಾರಣ ಮೊಣಕಾಲು ನೋವು ಎಂದು ಹೇಳಿಕೊಳ್ಳುತ್ತಿದ್ದೆ.

ಈ ಮಳೆಗಾಲದ ನಕಲಿನ ಕೆಲಸದಲ್ಲಿ ಆ ಪುಟಕ್ಕೆ ಬಂದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಮಾದೇವನ ಮಾತಲ್ಲ, ಸಾವಿತ್ರಿಯ ಬಂಗಡೆ. ಕಣ್ಣು ಪಳಪಳ ಎನ್ನುತ್ತಿದ್ದ ಮೀನು ಹಿಂದಿನ ದಿನದ್ದಾಗಲು ಸಾಧ್ಯವಿಲ್ಲ. ಆ ಹೆಂಗಸು ಹಳೆಯ ಮೀನು ಮಾರುವವಳೂ ಅಲ್ಲ. ಹಾಗಾದರೆ ಮೀನು ದಡಕ್ಕೆ ಬಂದದ್ದು ಬುಧವಾರವೇ. ಮತ್ತೆ ಅದೇ ದೋಣಿ ಮಂಗಳವಾರದ್ದು ಹೇಗೆ?

ಆ ಪುಸ್ತಕದಲ್ಲಿ ಮಾದೇವ ನನಗೆ ಕೊಟ್ಟ ಮಾಹಿತಿಗಳನ್ನೆಲ್ಲ ಒಂದೊಂದಾಗಿ ಬೇರೆ ಹಾಳೆಗೆ ಇಳಿಸಿದೆ. ದಡದಲ್ಲಿ ನಿಂತು ಕಂಡದ್ದನ್ನು ಹೇಳುವಾಗ ಅವನ ದಿನ ಒಂದು ಸಲವೂ ತಪ್ಪಿರಲಿಲ್ಲ. ದೋಣಿಯಿಂದ ಕಂಡದ್ದನ್ನು ಹೇಳುವಾಗ, ಪ್ರತಿ ಸಲವೂ, ಸರಿಯಾಗಿ ಒಂದೇ ದಿನ ಹಿಂದೆ. ಮರೆವು ಇಷ್ಟು ಕ್ರಮಬದ್ಧವಾಗಿ ನಡೆಯುವುದಿಲ್ಲ. ಮಳೆ ಹೊರಗೆ ಸುರಿಯುತ್ತಿತ್ತು. ಆ ಹಾಳೆಯನ್ನು ಮುಂದಿಟ್ಟುಕೊಂಡು ಮಧ್ಯಾಹ್ನದ ಊಟಕ್ಕೂ ಏಳದೆ ಕುಳಿತಿದ್ದೆ.

ನವರಾತ್ರಿ ಮುಗಿದ ಮೇಲೆ ಅಪ್ಸರಕೊಂಡಕ್ಕೆ ಹೋದೆ. ಸಾವಿತ್ರಿ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಈಗ ಅವಳು ಮಾರುವುದು ಹೆಚ್ಚಾಗಿ ದೊಡ್ಡ ಬೋಟುಗಳ ಮೀನು, ಬಂದರಿನಲ್ಲಿ ಕೊಂಡು ತಂದದ್ದು. ನಾನು ಕುಳಿತು ನನ್ನ ಪ್ರಶ್ನೆ ಕೇಳಿದೆ. ಅವಳು ತಲೆಯನ್ನೂ ಎತ್ತಲಿಲ್ಲ.

"ಅದ್ರಲ್ಲಿ ಕೇಳೂದೆಂತ? ಹೊತ್ತು ಹುಟ್ಟೂಕೆ ಮೊದ್ಲು ದೋಣಿ ನೂಕ್ತಾರೆ. ಹೊತ್ತು ಹುಟ್ಟೂ ತನಕ ಹಿಂದಿನ ದಿವ್ಸವೇ ಅಲ್ದಾ? ನೂಕಿದ್ದು ಯಾವ ದಿವ್ಸವೋ, ದೋಣಿ ಮತ್ತೆ ಮರಳು ಮುಟ್ಟೂ ತನಕ ಅವರಿಗೆ ಅದೇ ದಿವ್ಸ. ನೀರಿನ ಮೇಲೆ ದಿವ್ಸ ಬದ್ಲಾಗೂದಿಲ್ಲ. ನಮಗೆ ದಡದವರಿಗೆ ಬದ್ಲಾಗ್ತದೆ."

"ಇದನ್ನ ನನಗೆ ಯಾರೂ ಹೇಳ್ಲಿಲ್ಲ ಸಾವಿತ್ರಿ."

"ನೀವು ಕೇಳ್ಲಿಲ್ಲ. ನನ್ನ ಮೀನು ಹಳೇದಾ ಅಂತ ಕೇಳದ್ರಿ."

ಅವನು ಹೇಳಿದ್ದ. "ಮಂಗಳವಾರ ದೋಣಿ ನೂಕಿದ್ದು" ಎಂಬ ಮಾತು ನನ್ನದೇ ಅಕ್ಷರದಲ್ಲಿ, ಸೀಮೆಎಣ್ಣೆಯ ಕಲೆಯ ಪಕ್ಕದಲ್ಲಿಯೇ ಇತ್ತು. ಸೂರ್ಯೋದಯದಿಂದ ಸೂರ್ಯೋದಯಕ್ಕೆ ದಿನ ಎಂದು ನನ್ನ ಗೋಡೆಯ ಪಂಚಾಂಗವೂ ಹೇಳುತ್ತಿತ್ತು. ಅವನು ಮಂಗಳವಾರ ನೂಕಿದ ದೋಣಿ ವಿಮಾನ ಕಂಡದ್ದು ನನ್ನ ಲೆಕ್ಕದ ಬುಧವಾರ ಬೆಳಿಗ್ಗೆ; ಅವನ ಪ್ರಕಾರ ಬುಧವಾರ ನೂಕದ ದೋಣಿ, ನನ್ನ ಲೆಕ್ಕದಲ್ಲಿ ಗುರುವಾರದ್ದು. ಎಲ್ಲವೂ ತಾಳೆಯಾಗುತ್ತಿತ್ತು.

ಮಾದೇವ ಸಂಜೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಹೊಸದಾಗಿ ಬರೆದು ತಂದಿದ್ದ ಹೇಳಿಕೆಯನ್ನು ಓದಿ ಹೇಳಿದೆ. ದಿನದ ವಿವರಣೆ, ನನ್ನ ತಪ್ಪಿನ ಒಪ್ಪಿಗೆ, ಕೆಳಗೆ ಅವನ ಸಹಿಗೆ ಜಾಗ. ಅವನು ಪೂರ್ತಿ ಕೇಳಿದ.

"ಇದನ್ನ ಯಾರಿಗೆ ಕೊಡ್ತ್ರಿ?"

ಸಮಿತಿ ಎಂದೋ ವಿಸರ್ಜನೆಯಾಗಿತ್ತು. ನಾನು ಗ್ರಂಥಾಲಯಕ್ಕೆ ಎಂದೆ.

"ಸಹಿ ಬೇಡ ಅಕ್ಕೋರೆ. ಆಗ ಬೇಕಾಗಿತ್ತು." ಕೋಪವಿರಲಿಲ್ಲ. ಮತ್ತೆ ಅವನೇ, "ಬೆಳಿಗ್ಗೆ ದೋಣಿಗೆ ಬರೂದಾದ್ರೆ ಬನ್ನಿ. ಹತ್ತು ಗಂಟೆ ತನಕ ಬಿಡ್ತಾರೆ, ಮತ್ತೆ ನಿಷೇಧ ಅದೆ" ಎಂದ.

ನಸುಕಿಗೆ ಬಹಳ ಮೊದಲು ದೋಣಿ ನೂಕಿದೆವು. ಪಂಚಾಂಗದಲ್ಲಿ ಇನ್ನೂ ಬುಧವಾರ. ಬೆಳಕು ಹರಿದ ಮೇಲೆ ಗುಡ್ಡ ಕಂಡಿತು. ಕಾಡುಮಾವಿನ ನೆತ್ತಿಯ ಕವಲು ಹಿಂದಿನ ಗಾಳಿಮಳೆಗೆ ಮುರಿದು ಬಿದ್ದಿತ್ತು. ಉಳಿದ ಮರಕ್ಕೆ ಸಮುದ್ರದಿಂದ ಗುರುತೇ ಇರಲಿಲ್ಲ. ಮಾದೇವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು ಅದರ ಪಕ್ಕದ ಮೊಬೈಲ್ ಗೋಪುರವನ್ನು.

"ಈಗ ಅದೇ ಗುರ್ತು. ಹದ್ದು ಕೂರೂದಿಲ್ಲ, ಆದ್ರೆ ಅಲ್ಲೇ ನಿಂತಿರ್ತದೆ."

ಬಲೆಯಲ್ಲಿ ಒಂದು ಬುಟ್ಟಿಗೂ ಸಾಲದಷ್ಟು ಮೀನು ಬಂತು. ಸಾವಿತ್ರಿ ಹೇಳಿದ ಹಾಗೆ ಎಣಿಸಬಹುದಾಗಿತ್ತು. ಹತ್ತು ಗಂಟೆಗೆ ಮೊದಲೇ ದಡದತ್ತ ತಿರುಗಿದೆವು. ಮರಳು ಮುಟ್ಟಲು ಇನ್ನೂ ಒಂದಿಷ್ಟು ನೀರು ಉಳಿದಿದ್ದಾಗ ಉತ್ತರದಿಂದ ಎರಡು ವಿಮಾನಗಳು ಬಂದು ಗುಡ್ಡದ ಮೇಲೆ ಹಾದುಹೋದವು. ಅವು ದಾಟಿದ ಮೇಲೆ ಶಬ್ದ ಬಂತು. ಹಳೆಯ ರೂಢಿಯಂತೆ ನಾನು ಗಡಿಯಾರ ನೋಡಿ ಪುಸ್ತಕ ತೆರೆದೆ, ಮೇಲೆ ದಿನ ಬರೆದೆ.

ಶಬ್ದ ಇಳಿದ ಮೇಲೆ ಮಾದೇವ ಕೇಳಿದ. "ಎಂತ ದಿವ್ಸ ಬರದ್ರಿ?"

"ಗುರುವಾರ" ಎಂದೆ.

ಅವನು ಎಂಜಿನ್ ನಿಲ್ಲಿಸಿ ಹುಟ್ಟು ಹಿಡಿದ. ದೋಣಿ ಇನ್ನೂ ನೀರಿನ ಮೇಲಿತ್ತು. ನಾನು ಗುರುವಾರವನ್ನು ಹೊಡೆದುಹಾಕಿ ಬುಧವಾರ ಎಂದು ಬರೆದೆ. ಅದರ ಕೆಳಗೆ: ಎರಡು ವಿಮಾನ, ತೀರ ಕೆಳಗೆ. ಗುಡ್ಡದಿಂದ ಎದ್ದ ಹಕ್ಕಿಗಳು, ಇಲ್ಲ.